ಎಂಟು ಎಲ್ಲಿಗೆ ಹೋಯಿತು

ನಾನು ತರಗತಿಯೊಳಗೆ ಕಾಲಿಟ್ಟರೆ ಗೋಡೆಯ ಮೇಲಿನ ಹಲ್ಲಿ ಕೂಡ ಬಾಲ ಮಡಚಿ ನೆಟ್ಟಗೆ ಕೂರುತ್ತದೆ. ಸುಮ್ಮನೆ ಹೇಳುವ ಮಾತಲ್ಲ, ಬೇಕಾದರೆ ಬಂದು ನೋಡಿ. ದಾರಿ ಮಾತ್ರ ಕೇಳಬೇಡಿ. ನಮ್ಮ ಊರಿಗೆ ಬರುವ ಬಸ್ಸಿನ ಮೇಲೆ ಊರಿನ ಹೆಸರು ಬರೆದಿರುವುದಿಲ್ಲ, ಕಂಡಕ್ಟರೂ ಕೂಗುವುದಿಲ್ಲ, ಇಳಿಯಬೇಕಾದವರು ಹೇಗೋ ಇಳಿಯುತ್ತಾರೆ. ಇಳಿದ ಮೇಲೆ ಆರಾಧ್ಯ ಮೇಷ್ಟ್ರು ಎಲ್ಲಿ ಎಂದು ಯಾರನ್ನಾದರೂ ಕೇಳಿ. ಮನುಷ್ಯರು ಸಿಗದಿದ್ದರೆ ರಸ್ತೆಯಲ್ಲಿ ಮಲಗಿರುವ ಎಮ್ಮೆಯನ್ನು ಕೇಳಿ, ಅದು ತಲೆ ತಿರುಗಿಸಿ ಶಾಲೆಯ ಕಡೆ ತೋರಿಸುತ್ತದೆ. ಪೂರ್ತಿ ಹೆಸರು ನಂಜುಂಡಾರಾಧ್ಯ. ಈ ಕಥೆ ನಡೆದಾಗ ಮೂರನೇ ತರಗತಿಯ ಮೇಷ್ಟ್ರು. ನನ್ನ ಅಕ್ಷರ ಎಷ್ಟು ದುಂಡಗೆಂದರೆ, ನಾನು ಹಲಗೆಯ ಮೇಲೆ ಬರೆದ ‘ಠ’ವನ್ನು ಕಿಟಕಿಯಿಂದ ನೋಡಿ ಕುಂಬಾರರು ತಮ್ಮ ಮಡಕೆಗಳನ್ನು ತಿದ್ದಿಕೊಂಡಿದ್ದಾರೆ. ನಾನು ಸೀನಿದರೆ ಐದನೇ ತರಗತಿಯ ಮಕ್ಕಳು ಊಟದ ಗಂಟೆ ಹೊಡೆಯಿತೆಂದು ತಟ್ಟೆ ಹಿಡಿದು ಓಡುತ್ತಾರೆ. ನನ್ನ ಹೆಂಡತಿ ಸರ್ವಮಂಗಳಾ ಇದನ್ನೆಲ್ಲ ಒಪ್ಪುವುದಿಲ್ಲ. ‘ರೀ, ಮೊದ್ಲು ಮನೇಲಿ ಕುಕ್ಕರ್ ಮುಚ್ಚಳ ತೆಗೆಯೋದು ಕಲೀರಿ’ ಎನ್ನುತ್ತಾಳೆ. ದೊಡ್ಡವರ ಮನೆಯಲ್ಲಿ ಇಂಥ ಮಾತು ಇದ್ದದ್ದೇ.

ಇನ್ನು ಹಲಗೆಯ ವಿಷಯ. ನಮ್ಮೂರಿನಲ್ಲಿ ಕರಿಹಲಗೆಯ ಮೇಲೆ ಬರೆದದ್ದು ಆ ಕೋಣೆಯಲ್ಲಿರುವ ಕೊನೆಯ ತಲೆಗೂ ಹತ್ತುವವರೆಗೆ ಅಳಿಸುವುದಿಲ್ಲ. ಒದ್ದೆ ಬಟ್ಟೆ, ತೆಂಗಿನ ನಾರು, ಹುಣಸೆಹುಳಿ, ಯಾವುದಕ್ಕೂ ಬಗ್ಗುವುದಿಲ್ಲ. ಎಲ್ಲರಿಗೂ ಅರ್ಥವಾಯಿತೋ, ಡಸ್ಟರ್ ಸೋಕಿದರೆ ಸಾಕು, ಹಲಗೆ ಸ್ನಾನ ಮಾಡಿದಂತೆ ಫಳಫಳ. ನಾವು ಹುಟ್ಟಿದಾಗಿನಿಂದ ಹೀಗೇ ಇರುವುದರಿಂದ ನಮಗಿದು ದೊಡ್ಡ ವಿಷಯವೇನಲ್ಲ. ಬಸ್ ನಿಲ್ದಾಣದ ಹೋಟೆಲಿನವರು ಬಾಗಿಲಲ್ಲಿಟ್ಟ ಹಲಗೆಯ ಮೇಲೆ ‘ಇಂದಿನ ವಿಶೇಷ: ಟೊಮೆಟೊ ಬಾತ್’ ಎಂದು ನಾನು ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ ಬರೆದರು. ಅದರಲ್ಲಿ ವಿಶೇಷವೇನು ಎಂದು ಇವತ್ತಿನವರೆಗೂ ಯಾರಿಗೂ ಅರ್ಥವಾಗಿಲ್ಲ. ಹಾಗಾಗಿ ದಿನವೂ ಅದನ್ನೇ ಮಾಡುತ್ತಾರೆ, ನಾವೂ ದಿನವೂ ಅದನ್ನೇ ತಿನ್ನುತ್ತೇವೆ.

ಶಾಲೆಯಲ್ಲಿ ಇದಕ್ಕೆ ತಕ್ಕ ಕಟ್ಟುಪಾಡುಗಳಿವೆ. ಡಸ್ಟರನ್ನು ಮೇಷ್ಟ್ರು ಬಿಟ್ಟು ಬೇರೆ ಯಾರೂ ಮುಟ್ಟುವಂತಿಲ್ಲ. ದಾರಿಯಲ್ಲಿ ಹೋಗುವವರು ಕಿಟಕಿಯಲ್ಲಿ ಇಣುಕಿ, ಯಾವ ಸಾಲು ಉಳಿದಿದೆ, ಯಾರ ಮನೆಯ ಮಗುವಿನಿಂದ ಉಳಿದಿದೆ ಎಂದು ವಿಚಾರಿಸುವುದು ಸಂಜೆಯ ವಾಯುವಿಹಾರದ ಒಂದು ಭಾಗ. ಯಾವ ಮಗುವಿಗೆ ಅರ್ಥವಾಗಿಲ್ಲ ಎಂದು ತಿಳಿಯಲು ಒಂದು ಉಪಾಯವಿದೆ. ಕೊಡ ಕೊಟ್ಟು ಆ ಮಗುವನ್ನು ನಲ್ಲಿಯಿಂದ ನೀರು ತರಲು ಕಳಿಸುವುದು, ಅದು ಹೊರಗಿರುವಾಗ ಹಲಗೆ ಒರೆಸುವುದು. ಅಳಿಸಿತೋ, ಸಿಕ್ಕಿಬಿದ್ದಂತೆ. ಆದ್ದರಿಂದ ನಮ್ಮಲ್ಲಿ ಜಗಳಕ್ಕೆ ನಿಂತವರು ‘ಹೋಗೋ, ನಿನ್ನ ಎಷ್ಟು ಸಲ ನೀರಿಗೆ ಕಳಿಸಿದ್ರೋ’ ಎಂದರೆ ಅದು ಕೈಕೈ ಮಿಲಾಯಿಸುವಂಥ ಬೈಗುಳ. ಬೇಸಿಗೆ ರಜೆಯ ಹಿಂದಿನ ದಿನ ಹಲಗೆ ನೋಡುವ ದಿನ. ಊರಿನವರೆಲ್ಲ ಇಸ್ತ್ರಿ ಬಟ್ಟೆ ಹಾಕಿಕೊಂಡು ಬಂದು ಒಂದೊಂದೇ ತರಗತಿಯ ಹಲಗೆ ನೋಡುತ್ತಾರೆ. ಆ ದಿನ ಸಾಲು ಉಳಿದಿದ್ದರೆ ಅದಕ್ಕೆ ಕಾರಣವಾದ ಮಗು ಒಂದು ತರಗತಿ ಕೆಳಗಿಳಿಯಬೇಕು. ನಮ್ಮ ಶಾಲೆಯಲ್ಲಿ ಗಂಟೆ ಹೊಡೆಯುವ ರುದ್ರೇಶ ಹುಡುಗನಾಗಿದ್ದಾಗ ಐದನೇ ತರಗತಿಯ ಒಂದೇ ಸಾಲಿನ ಬಗ್ಗೆ ಪ್ರಶ್ನೆ ಕೇಳಿ, ನೀರಿಗೂ ಕಳಿಸದೆ ಅವನೇ ಎಂದು ತೀರ್ಮಾನವಾಗಿ ಇಳಿದು, ಹತ್ತಿ, ಮತ್ತೆ ಇಳಿದು, ಕೊನೆಗೆ ಮೀಸೆ ಬಂದ ಮೇಲೆ ಮಕ್ಕಳ ಬೆಂಚಿನಲ್ಲಿ ಕಾಲು ಹಿಡಿಸದೆ ಗಂಟೆಯ ಕೆಲಸಕ್ಕೆ ನಿಂತ. ಆ ಸಾಲು, ‘ಅರ್ಧ ಎಂದರೆ ಸೊನ್ನೆ ಬಿಂದು ಐದು’ ಎನ್ನುವುದು, ಐದನೇ ತರಗತಿಯ ಹಲಗೆಯ ಮೂಲೆಯಲ್ಲಿ ನಾನು ಹೇಳುತ್ತಿರುವ ವರ್ಷದಲ್ಲೂ ಇತ್ತು. ಐದನೇ ತರಗತಿಯನ್ನು ಅಂದಿನಿಂದಲೂ ನೋಡಿಕೊಳ್ಳುವವರು ಹೆಡ್‌ಮಿಸ್ ಪದ್ಮಾಂಬ. ವರ್ಷಕ್ಕೊಬ್ಬರಾದರೂ ಆ ಸಾಲಿಗೆ ಇಳಿಯುತ್ತಿದ್ದರು. ‘ಈಗಿನ ಮಕ್ಕಳಿಗೆ ಗಮನವೇ ಇಲ್ಲ’ ಎಂದು ಅವರು ನಿಟ್ಟುಸಿರು ಬಿಡುತ್ತಿದ್ದರು.

ನನ್ನ ಹಲಗೆ ಮಾತ್ರ ಯಾವತ್ತೂ ಫಳಫಳ. ಏಕೆಂದು ಕೇಳಿ. ನಾನು ಪಾಠ ಮಾಡಿದರೆ ಮಕ್ಕಳಿಗೆ ಇರಲಿ, ಬೆಂಚಿನ ಮರಕ್ಕೂ ಅರ್ಥವಾಗುತ್ತದೆ. ಮೇಲೆ ಹೇಳಿದ ಹಲ್ಲಿಗೆ ಐದರ ಮಗ್ಗಿಯವರೆಗೆ ಬರುತ್ತದೆ, ಆರರಲ್ಲಿ ಸ್ವಲ್ಪ ತಡವರಿಸುತ್ತದೆ. ಹೋದ ವರ್ಷ ನಾನು ಹೃದಯದ ಬಗ್ಗೆ ಪಾಠ ಮಾಡಿದಾಗ ಇಡೀ ತರಗತಿಯ ಹೃದಯ ಒಂದೇ ತಾಳದಲ್ಲಿ ಬಡಿಯತೊಡಗಿ, ಪಕ್ಕದ ಕೋಣೆಯವರು ಯಾರೋ ಡೊಳ್ಳು ಬಾರಿಸುತ್ತಿದ್ದಾರೆಂದು ಎದ್ದು ಬಂದರು. ಇಂಥ ನನ್ನ ಹಲಗೆಯ ಮೇಲೆ ಒಂದು ಸಾಲು ಉಳಿಯಿತು ಎಂದರೆ ನೀವು ನಂಬಲಿಕ್ಕಿಲ್ಲ. ಊರಿನವರೂ ಮೊದಲು ನಂಬಲಿಲ್ಲ.

ಅಂದು ಮಂಗಳವಾರ. ಆ ವರ್ಷದ ಹೊಸ ಪುಸ್ತಕದಲ್ಲಿ ಮೊದಲ ಸಲ ಬಂದಿದ್ದ ಲೆಕ್ಕವನ್ನು ಹಲಗೆಯ ನಟ್ಟನಡುವೆ ನನ್ನ ಜಗತ್ಪ್ರಸಿದ್ಧ ಅಕ್ಷರದಲ್ಲಿ ೮ × ೦ = ೦ ಎಂದು ಬರೆದು, ಮೂರು ಸಲ ಕೂಗಿ ಹೇಳಿಸಿ, ಡಸ್ಟರ್ ಎತ್ತಿಕೊಂಡೆ. ಆಗ ಕಿಟಕಿ ಪಕ್ಕದಲ್ಲಿ ಕೂರುವ ನೀಲವೇಣಿ ಮೂಗು ಉಜ್ಜಿದಳು. ಅವಳು ಮೂಗು ಉಜ್ಜಿದರೆ ಪ್ರಶ್ನೆ ಬರುತ್ತದೆ ಎಂದೇ ಲೆಕ್ಕ. ತಾಯಿ ಕಮಲಾಕ್ಷಿ ಬೀದಿಯಲ್ಲಿ ಇಸ್ತ್ರಿ ಗಾಡಿ ಇಟ್ಟುಕೊಂಡಿರುವವಳು. ಬೆಳಗಿನ ಅವಸರದಲ್ಲಿ ಕೈಗೆ ಸಿಕ್ಕ ರಿಬ್ಬನ್ ಕಟ್ಟುವುದರಿಂದ ಮಗಳ ಒಂದು ಜಡೆಗೆ ಕೆಂಪು, ಒಂದಕ್ಕೆ ಹಸಿರು.

‘ಸಾರ್, ಎಂಟು ಎಲ್ಲಿಗೆ ಹೋಯ್ತು?’

‘ಯಾವ ಎಂಟು?’

‘ಎಡಗಡೆ ಇತ್ತಲ್ಲ ಸಾರ್. ಬಲಗಡೆ ಇಲ್ಲ.’

ಇಂಥ ಪ್ರಶ್ನೆಗೆ ಬೇರೆ ಮೇಷ್ಟ್ರಾಗಿದ್ದರೆ ಬೆವರುತ್ತಿದ್ದರು. ನನ್ನ ಮೇಷ್ಟ್ರು ನನಗೆ ಹೇಳಿಕೊಟ್ಟಿದ್ದ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ‘ಸೊನ್ನೆ ನುಂಗ್ತು’ ಎಂದೆ. ‘ನೋಡು, ಬಾಯಿ ಎಷ್ಟಗಲ ತೆಗೆದಿದೆ.’

ಅವಳು ಸೊನ್ನೆಯನ್ನು ಬಹಳ ಹೊತ್ತು ನೋಡಿದಳು. ‘ನುಂಗಿದ್ರೆ ದಪ್ಪ ಆಗ್ಬೇಕಿತ್ತಲ್ವಾ ಸಾರ್?’

‘ಅದಕ್ಕೆ ತಿಂದದ್ದು ಮೈಗೆ ಹತ್ತಲ್ಲ.’

‘ನಮ್ಮ ಮುದ್ದನ ಥರ’ ಎಂದಳು. ಮುದ್ದ ಅವಳ ತಮ್ಮ, ಒಂದನೇ ತರಗತಿ, ಕಡ್ಡಿಯಂಥ ಹುಡುಗ. ತರಗತಿ ನಕ್ಕಿತು. ಮುಗಿಯಿತು ಎಂದುಕೊಂಡೆ. ಮತ್ತೆ ಮೂಗು ಉಜ್ಜಿದಳು. ‘ನಿನ್ನೆ ಕೂಡೋ ಲೆಕ್ಕ ಮಾಡಿದ್ವಲ್ಲ ಸಾರ್, ಆಗ್ಲೂ ಎಂಟರ ಪಕ್ಕದಲ್ಲೇ ಸೊನ್ನೆ ಇತ್ತು. ಆಗ ಯಾಕೆ ನುಂಗಲಿಲ್ಲ?’

‘ನಿನ್ನೆ ಸೋಮವಾರ. ಸೊನ್ನೆ ಉಪವಾಸ.’

ಇಷ್ಟು ತ್ವರಿತವಾದ, ಇಷ್ಟು ಚೊಕ್ಕವಾದ ಉತ್ತರವನ್ನು ಭೂಮಿಯ ಮೇಲೆ ಬೇರೆ ಯಾವ ಮೇಷ್ಟ್ರೂ ಕೊಟ್ಟಿರಲಾರರು. ಮೀಸೆ ನೀವಿಕೊಂಡು ಡಸ್ಟರ್ ಎಳೆದೆ. ಸಾಲು ಅಲುಗಲಿಲ್ಲ. ಇನ್ನೊಮ್ಮೆ ಎಳೆದೆ. ಸುತ್ತಲಿದ್ದ ಧೂಳು ಹೋಗಿ ಸಾಲು ಇನ್ನಷ್ಟು ಎದ್ದು ಕಂಡಿತು. ನಾನು ನೀಲವೇಣಿಯ ಕಡೆ ತಿರುಗಿದೆ. ತರಗತಿಯೂ ತಿರುಗಿತು. ಕಿಟಕಿಯಲ್ಲಿ ಹೋಗುತ್ತಿದ್ದ ಹಾಲಿನವನು ಸೈಕಲ್ ನಿಲ್ಲಿಸಿ ಅವನೂ ತಿರುಗಿದ. ಕೇಳಿದವಳು ಅವಳೊಬ್ಬಳೇ. ಅಲ್ಲಿಗೆ ಅರ್ಥವಾಗದವಳು ಅವಳೇ ಎಂದು ಊರಿಗೆಲ್ಲ ಅರ್ಥವಾಯಿತು. ಅವಳನ್ನು ನೀರಿಗೆ ಕಳಿಸಿ ಪರೀಕ್ಷಿಸುವುದಕ್ಕೆ ನಾನು ಹೋಗಲಿಲ್ಲ. ನನ್ನ ತರಗತಿಯಿಂದ ಈವರೆಗೆ ಒಂದು ಮಗುವೂ ನೀರಿಗೆ ಹೋಗಿಲ್ಲ ಎನ್ನುವುದು ನನ್ನ ಕಿರೀಟದ ಗರಿ. ಅದನ್ನು ಒಬ್ಬ ಹುಡುಗಿಗಾಗಿ ಕಿತ್ತುಕೊಳ್ಳಲೇ?

ಆಮೇಲೆ ನಾನು ಏನು ಬರೆದರೂ ಆ ಸಾಲನ್ನು ಬಳಸಿಕೊಂಡು ಬರೆಯಬೇಕಾಯಿತು. ನಾಡಿನ ನಕ್ಷೆ ಬಿಡಿಸಿದರೆ ಆ ಎಂಟು ಒಂದು ನದಿಯ ನಡುವೆ ದ್ವೀಪವಾಯಿತು. ಹಸುವಿನ ಚಿತ್ರ ಬರೆದರೆ ಹಸುವಿನ ಹೊಟ್ಟೆಯ ಮೇಲೆ ಅದು ಹಚ್ಚೆಯಂತೆ ಕೂತಿತು. ಪದ್ಯ ಹೇಳಿಕೊಟ್ಟರೆ ಮೂರನೆಯ ಸಾಲಿನ ಮಧ್ಯದಲ್ಲಿ ಮಕ್ಕಳು ಎಂಟು ಗುಣಿಸು ಸೊನ್ನೆ ಎಂದು ರಾಗವಾಗಿ ಹಾಡಿಕೊಂಡು ಮುಂದೆ ಹೋಗುತ್ತಿದ್ದರು. ಕೇಳಲು ಚೆನ್ನಾಗಿಯೇ ಇತ್ತು.

ಒಂದು ದಿನ ಕಮಲಾಕ್ಷಿ ಇಸ್ತ್ರಿ ಗಾಡಿಯನ್ನು ತಳ್ಳಿಕೊಂಡು ಬಂದು ನೇರ ನಮ್ಮ ಕಿಟಕಿಯ ಕೆಳಗೇ ನಿಲ್ಲಿಸಿದಳು. ನನ್ನದೇ ಅಂಗಿಯೊಂದನ್ನು ಹಾಸಿಕೊಂಡು, ಇಸ್ತ್ರಿಪೆಟ್ಟಿಗೆಯನ್ನು ಒತ್ತುತ್ತಾ ಮಾತಿಗೆ ಶುರು ಮಾಡಿದಳು. ಬಿಸಿ ಪೆಟ್ಟಿಗೆ ಕೈಯಲ್ಲಿರುವವರ ಜೊತೆ ನಾನು ಯಾವಾಗಲೂ ವಿನಯದಿಂದ ಮಾತಾಡುತ್ತೇನೆ.

‘ಮೇಷ್ಟ್ರೇ, ಮನೇಲೂ ಅದೇ ಕೇಳ್ತಾಳೆ. ಎಂಟು ಎಲ್ಲಿಗೋಯ್ತಮ್ಮ ಅಂತ. ಮೇಷ್ಟ್ರ ಹತ್ರ ಇರತ್ತೆ, ಅವರನ್ನೇ ಕೇಳು ಅಂದೆ.’

‘ನನ್ನ ಹತ್ರ ಇಲ್ಲಮ್ಮ. ಸೊನ್ನೆ ಹತ್ರ ಇದೆ.’

‘ಸೊನ್ನೆ ಹತ್ರ ಇದ್ರೆ ಅದು ಸೊನ್ನೆ ಹೆಂಗಾಯ್ತು?’

ತಾಯಿಗೆ ತಕ್ಕ ಮಗಳು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಅವಳು ಅಂಗಿಯ ಕಾಲರ್ ಮೇಲೆ ಪೆಟ್ಟಿಗೆಯನ್ನು ಬೇಕಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ಇಟ್ಟಳು.

‘ಕೆಳಗಿಳಿಸಿಬಿಡ್ತೀರಾ ಅವಳನ್ನ?’

‘ಕಟ್ಟುಪಾಡು ಇದೆಯಲ್ಲ ತಾಯಿ.’

‘ಎರಡನೇ ಕ್ಲಾಸಿಗೆ ಬೀದಿ ಕಡೆ ಕಿಟಕಿ ಇಲ್ಲ ಮೇಷ್ಟ್ರೇ. ಇಲ್ಲಿಂದ ಆದ್ರೆ ಅವಳಿಗೆ ನನ್ನ ಗಾಡಿ ಕಾಣತ್ತೆ. ಮಧ್ಯದಲ್ಲಿ ಒಂದ್ಸಲ ನೋಡ್ತಾಳೆ, ನಾನೂ ನೋಡ್ತೀನಿ. ಅಷ್ಟೇಯ ನಮ್ಮಿಬ್ಬರದು.’ ಅಂಗಿ ಮಡಿಸಿ ಕಿಟಕಿಯ ಸರಳಿನ ಸಂದಿನಿಂದ ಒಳಗೆ ತೂರಿಸಿದಳು. ‘ತಗೊಳ್ಳಿ. ಸುಟ್ಟಿಲ್ಲ.’

ನನ್ನ ಎದೆ ಬಂಡೆ ಎಂದು ಊರೆಲ್ಲ ಹೇಳುತ್ತದೆ, ಅಂದರೆ ನಾನು ಹೇಳಿದ್ದನ್ನು ಊರೆಲ್ಲ ಕೇಳಿದೆ. ಆದರೂ ಆ ದಿನ ಮಧ್ಯಾಹ್ನ ಮುದ್ದ ನಮ್ಮ ಬಾಗಿಲಿಗೆ ಬಂದು ‘ಅಕ್ಕಾ, ಮುಂದಿನ ವರ್ಷಕ್ಕೆ ಎರಡನೇ ಕ್ಲಾಸಲ್ಲಿ ನನ್ನ ಪಕ್ಕ ಜಾಗ ಹಿಡಿದಿಟ್ಟಿದೀನಿ, ಬಾ’ ಎಂದು ಖುಷಿಯಿಂದ ಕೂಗಿದಾಗ, ನೀಲವೇಣಿ ತಿರುಗಿ ನೋಡದೆ ಕಿಟಕಿಯ ಕಡೆಯೇ ನೋಡುತ್ತಾ ಕೂತದ್ದು ಕಂಡು, ಸೀಮೆಸುಣ್ಣದ ಧೂಳು ನನ್ನ ಕಣ್ಣಿಗೆ ಬಿತ್ತು. ಬಹಳ ದೊಡ್ಡ ಧೂಳು. ನಿಂಬೆಹಣ್ಣಿನಷ್ಟಿತ್ತು.

ಹಲಗೆ ನೋಡುವ ದಿನ ಹತ್ತಿರ ಬಂತು. ಅದಕ್ಕೆ ಮುಂಚೆ ಒಂದು ಸಣ್ಣ ಸಂಗತಿ ನಡೆಯಿತು, ಆಗ ಅದಕ್ಕೆ ನಾನು ಬೆಲೆ ಕೊಡಲಿಲ್ಲ. ಒಂದು ಮಧ್ಯಾಹ್ನ ಬಿಸಿಯೂಟದ ಗ್ಯಾಸ್ ಮುಗಿದು ಅನ್ನ ತಡವಾಯಿತು. ಮಕ್ಕಳು ಸಾಲಾಗಿ ಚಕ್ಕಳಮಕ್ಕಳ ಹಾಕಿಕೊಂಡು ಖಾಲಿ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದರು. ನಾನು ಅಡುಗೆಯವರಿಗೆ ಸಾರಿನ ಉಪ್ಪು ನೋಡಿ ಹೇಳುವ ಜವಾಬ್ದಾರಿಯ ಕೆಲಸದಲ್ಲಿದ್ದೆ. ನನ್ನ ನಾಲಿಗೆ ಒಂದು ಹರಳು ಉಪ್ಪಿನ ವ್ಯತ್ಯಾಸವನ್ನೂ ಹಿಡಿಯುತ್ತದೆ. ನೀಲವೇಣಿ ಇದ್ದಕ್ಕಿದ್ದಂತೆ ಎದ್ದು ಓಡಿ ಬಂದಳು.

‘ಸಾರ್, ಎಂಟು ಸಿಕ್ತು.’

‘ಒಳ್ಳೇದು. ಹೋಗಿ ಕೂತ್ಕೊ, ಅನ್ನ ಬರತ್ತೆ.’

‘ಅನ್ನ ಬರೋಕ್ಮುಂಚೆನೇ ನೋಡ್ಬೇಕು ಸಾರ್, ಬಂದ್ಮೇಲೆ ಹೋಗ್ಬಿಡತ್ತೆ.’

‘ಅಧಿಕಪ್ರಸಂಗ ಬೇಡ’ ಎಂದು ಇನ್ನೊಂದು ಸೌಟು ಸಾರು ಕೈಗೆ ಹಾಕಿಸಿಕೊಂಡೆ. ಅಷ್ಟರಲ್ಲಿ ಅನ್ನ ಬಂತು. ಅವಳು ತನ್ನ ಸಾಲನ್ನು ತಿರುಗಿ ನೋಡಿ, ‘ಹೋಯ್ತು’ ಎಂದು ಹೋಗಿ ಕೂತಳು.

ಹಲಗೆ ನೋಡುವ ದಿನ ಶಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ಲಕ್ಷ ಜನ ಸೇರಿದ್ದರು. ನಮ್ಮೂರಿನಲ್ಲಿ ಅಷ್ಟು ಜನ ಇಲ್ಲ ಎನ್ನುವುದು ಬೇರೆ ಮಾತು. ಎಲ್ಲರೂ ಬಂದದ್ದು ನನ್ನ ಹಲಗೆಯ ಮೇಲಿನ ಕಲೆ ನೋಡಲು. ನನ್ನ ಸರ್ವಮಂಗಳಾ ಕೂಡ ಅವರೆಕಾಯಿಯ ಮೊರ ಹಿಡಿದು ಕಿಟಕಿಯ ಕಟ್ಟೆಯ ಮೇಲೆ ಜಾಗ ಹಿಡಿದಿದ್ದಳು. ಅವಳ ಪಕ್ಕ ಕಮಲಾಕ್ಷಿ, ಕೈಕಟ್ಟಿಕೊಂಡು. ಗಾಡಿಯನ್ನು ಅವತ್ತು ಮನೆಯಲ್ಲೇ ಬಿಟ್ಟು ಬಂದಿದ್ದಳು.

ಹೆಡ್‌ಮಿಸ್ ಪದ್ಮಾಂಬ ಕನ್ನಡಕ ಏರಿಸಿ ಸಾಲನ್ನು ನೋಡಿದರು. ‘ಆರಾಧ್ಯರೇ, ನಿಮ್ಮ ಹಲಗೇಲೂ ಉಳೀತಾ?’ ಎಂದರು. ಧ್ವನಿಯಲ್ಲಿ ಮರುಕವಿತ್ತು, ಮರುಕದ ಒಳಗೆ ಒಬ್ಬಟ್ಟಿನ ಹೂರಣದಂತೆ ಸಂತೋಷವಿತ್ತು. ಆಮೇಲೆ ಕೊಡ ತರಿಸಿ ನೀಲವೇಣಿಯ ಕೈಗಿಟ್ಟರು. ‘ಹೋಗಿ ನೀರು ತಗೊಂಡು ಬಾ ಪುಟ್ಟಿ.’

ನೀಲವೇಣಿ ಕೊಡ ಹಿಡಿದು ಅಲ್ಲೇ ನಿಂತಳು. ‘ನನಗೆ ಅರ್ಥ ಆಗಿದೆ ಮಿಸ್.’

‘ಎಲ್ಲರೂ ಹಂಗೇ ಹೇಳೋದು. ಹೋಗು.’

ಅವಳು ಹೊರಗೆ ಹೋದಳು. ಕಿಟಕಿಯಲ್ಲಿ ಕಮಲಾಕ್ಷಿ ಸರಳನ್ನು ಹಿಡಿದುಕೊಂಡಳು. ನಾನು ಡಸ್ಟರ್ ಎತ್ತಿ, ಎಲ್ಲರಿಗೂ ಕಾಣುವಂತೆ ತೋಳು ಮಡಚಿ, ಎಳೆದೆ.

ಸಾಲು ಇದ್ದಲ್ಲೇ ಇತ್ತು.

ಕಿಟಕಿಗಳಲ್ಲಿ ಗುಸುಗುಸು ಎದ್ದಿತು. ಕಮಲಾಕ್ಷಿಯ ಕೈ ಸಡಿಲವಾಯಿತು. ‘ಹಾಗಾದ್ರೆ ಇನ್ಯಾರೋ’ ಎಂದರು ಹೆಡ್‌ಮಿಸ್, ಕಣ್ಣಿನಲ್ಲೇ ಬೆಂಚುಗಳನ್ನು ಸೋಸುತ್ತಾ. ಮುಂದಿನ ಬೆಂಚಿನವರನ್ನು ಕಳಿಸಿದರು. ಇಲ್ಲ. ಮಧ್ಯದ ಬೆಂಚು. ಇಲ್ಲ. ಕೊನೆಯ ಬೆಂಚಿನವರು ತಮ್ಮದೇ ತಪ್ಪೆಂದು ಮೊದಲೇ ಒಪ್ಪಿಕೊಂಡು ಎದ್ದು ಹೋದರು, ಅವರಿಗೆ ಅಭ್ಯಾಸ. ಆದರೂ ಇಲ್ಲ. ನಲ್ಲಿಯ ಹತ್ತಿರ ಇಡೀ ಮೂರನೇ ತರಗತಿ ಒಂದೇ ಕೊಡಕ್ಕಾಗಿ ಜಗಳವಾಡುತ್ತಾ ನಿಂತಿತು. ಒಳಗೆ ಖಾಲಿ ಬೆಂಚುಗಳು, ಹೆಡ್‌ಮಿಸ್, ನಾನು, ಮತ್ತು ೮ × ೦ = ೦.

ಇಂಥ ಸಂದಿಗ್ಧದಲ್ಲಿ ನನ್ನ ಮೆದುಳು ಮಿಂಚಿನಂತೆ ಓಡುತ್ತದೆ. ಮೇಲೆ ನೋಡಿದೆ. ‘ಹಲ್ಲಿ’ ಎಂದೆ.

‘ಏನು?’

‘ಹಲ್ಲಿ ಇದೆ ಮಿಸ್. ಅದಕ್ಕೆ ಬರೋದು ಐದರ ಮಗ್ಗಿವರೆಗೆ ಮಾತ್ರ. ಇದು ಎಂಟರದ್ದು.’

ಯಾರೂ ನಗಲಿಲ್ಲ. ಹಲಗೆಯ ವಿಷಯದಲ್ಲಿ ನಮ್ಮೂರಿನವರು ನಗುವುದಿಲ್ಲ. ರುದ್ರೇಶ ಏಣಿ ತಂದ. ಹಲ್ಲಿ ಗೋಡೆಯಿಂದ ಮಾಡಿಗೆ, ಮಾಡಿನಿಂದ ಫ್ಯಾನಿಗೆ, ಫ್ಯಾನಿನಿಂದ ಹೆಡ್‌ಮಿಸ್ ಅವರ ತುರುಬಿಗೆ ಹಾರಿತು. ಊರಿನ ಗಣ್ಯರೆಲ್ಲ ಸೇರಿ ಅದನ್ನು ಊಟದ ಡಬ್ಬಿಯೊಂದರಲ್ಲಿ ಹಿಡಿದು, ಮರ್ಯಾದೆಯಿಂದ ಮೈದಾನಕ್ಕೆ ಒಯ್ದು ಬಿಟ್ಟರು. ಒರೆಸಿದೆ. ಇಲ್ಲ. ಮಾಡಿನ ಸಂದಿಯ ಗುಬ್ಬಿಯನ್ನು ಓಡಿಸಿದೆವು. ಇಲ್ಲ. ಹೆಡ್‌ಮಿಸ್ ತುರುಬು ಸರಿಮಾಡಿಕೊಳ್ಳುತ್ತಾ, ‘ನಾನು ಬಿ.ಎಡ್. ಮಾಡಿದವಳು ಆರಾಧ್ಯರೇ, ನನ್ನದಂತೂ ಅಲ್ಲ. ಆದ್ರೂ ನೋಡಿಬಿಡಿ’ ಎಂದು ಹೊರಗೆ ಹೋದರು. ನಾನೊಬ್ಬನೇ ಉಳಿದು ಎರಡೂ ಕೈಯಲ್ಲಿ ಡಸ್ಟರ್ ಹಿಡಿದು ಉಜ್ಜಿದೆ. ಹಲಗೆಯಿಂದ ಬಿಸಿ ಬಂತು. ಸಾಲು ಹೋಗಲಿಲ್ಲ.

‘ಸೊಳ್ಳೆ ಇರಬಹುದು’ ಎಂದೆ ಕಿಟಕಿಯ ಕಡೆ ತಿರುಗಿ.

ಸರ್ವಮಂಗಳಾ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಮದುವೆಯಾದಾಗಿನಿಂದ ಅವಳು ಏನನ್ನೋ ಅನುಮಾನಿಸುತ್ತಿದ್ದಂತೆಯೂ, ಅದು ಈಗ ತಾನೇ ಖಾತ್ರಿಯಾದಂತೆಯೂ ಇತ್ತು ಆ ನೋಟ. ಅವಳು ಬಾಯಿ ತೆರೆಯುವ ಮುಂಚೆ ಬಾಗಿಲಿನಲ್ಲಿ ನೀಲವೇಣಿ ಕಾಣಿಸಿಕೊಂಡಳು. ಹೊಸ್ತಿಲಾಚೆಯೇ ನಿಂತು, ಖಾಲಿ ಕೊಡವನ್ನು ಎರಡೂ ಕೈಯಲ್ಲಿ ನನ್ನ ಕಡೆ ಚಾಚಿದಳು.

‘ಸಾರ್, ನೀವು ನೀರು ತರ್ತೀರಾ?’

ಅಷ್ಟು ಜನರಿದ್ದ ಶಾಲೆಯಲ್ಲಿ ಒಂದು ಅವರೆಕಾಳು ಮೊರದಿಂದ ಜಾರಿ ನೆಲಕ್ಕೆ ಬಿದ್ದ ಸದ್ದು ಕೇಳಿಸಿತು. ನಮ್ಮೂರಿನ ಚರಿತ್ರೆಯಲ್ಲಿ ಮೇಷ್ಟ್ರೊಬ್ಬರು ನೀರಿಗೆ ಹೋದದ್ದಿಲ್ಲ. ಹೋಗಬಹುದೆಂದು ಯಾರಿಗೂ ಹೊಳೆದೂ ಇಲ್ಲ. ಬೇರೆಯವರಾಗಿದ್ದರೆ ಅವಳನ್ನು ಗದರಿಸುತ್ತಿದ್ದರು. ನಾನು ಅಂಥವನಲ್ಲ. ಗದರಿಸಲು ಬಾಯಿ ತೆರೆದೆ ನಿಜ, ಆದರೆ ಅಷ್ಟರಲ್ಲಿ ಕಿಟಕಿಯಲ್ಲಿ ಕಮಲಾಕ್ಷಿಯ ಮುಖ ಕಂಡಿತು. ಕೊಡ ತೆಗೆದುಕೊಂಡೆ. ನಡೆದ ಶೈಲಿಯನ್ನು ನೀವು ನೋಡಬೇಕಿತ್ತು. ಆನೆಯೊಂದು ತನ್ನ ಇಷ್ಟದಿಂದ ಸ್ನಾನಕ್ಕೆ ಹೊರಟ ಹಾಗೆ ಹೋದೆ. ನಲ್ಲಿ ತಿರುಗಿಸಿದೆ. ನೀರು ಕೊಡಕ್ಕೆ ಬೀಳುತ್ತಿರುವಾಗ ಮಕ್ಕಳೆಲ್ಲ ದಡದಡ ಒಳಗೆ ಓಡಿದ್ದು ಕೇಳಿಸಿತು, ಆಮೇಲೆ ಇಡೀ ಊರು ‘ಓ’ ಎಂದು ಉಸಿರು ಬಿಟ್ಟದ್ದು ಕೇಳಿಸಿತು.

ನಾನು ಬಂದಾಗ ಹಲಗೆ ಫಳಫಳ. ನೀಲವೇಣಿಯ ಕೈಯಲ್ಲಿ ಡಸ್ಟರ್. ಮಗುವೊಂದು ಡಸ್ಟರ್ ಮುಟ್ಟಿದ್ದಕ್ಕೆ ಯಾರೂ ಏನೂ ಅನ್ನಲಿಲ್ಲ, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಸರ್ವಮಂಗಳಾ ಮಾತ್ರ ಕಿಟಕಿಯಿಂದ, ‘ಕೊಡ ಕೆಳಗಿಡ್ರೀ, ಚೆಲ್ತಿದೆ’ ಎಂದಳು.

‘ಪರೀಕ್ಷೆ ಮಾಡಿದ್ದೆ’ ಎಂದೆ ನಾನು. ‘ಈ ಸಂಗತಿ ಎಷ್ಟು ಜನಕ್ಕೆ ಹೊಳೆಯುತ್ತೆ ಅಂತ.’

‘ಸಾರ್ ಇಲ್ಲಿ ಕೂತ್ಕೊಳಿ’ ಎಂದಳು ನೀಲವೇಣಿ. ತನ್ನ ಜಾಗವನ್ನೇ ತೋರಿಸಿದಳು, ಕಿಟಕಿ ಪಕ್ಕದ್ದು. ಕೂತೆ. ಮೊಣಕಾಲು ಗಲ್ಲಕ್ಕೆ ತಗುಲಿತು. ರುದ್ರೇಶ ಯಾರೂ ಹೇಳದೆಯೇ ಅಡುಗೆಮನೆಯಿಂದ ತಟ್ಟೆಗಳನ್ನು ತಂದ. ಅವಳು ಹಲಗೆಯ ಮೇಲೆ ಮತ್ತೆ ೮ × ೦ = ೦ ಬರೆದು, ನೆಲದ ಮೇಲೆ ಎಂಟು ತಟ್ಟೆಗಳನ್ನು ಸಾಲಾಗಿ ಇಟ್ಟಳು.

‘ಎಷ್ಟು ತಟ್ಟೆ ಸಾರ್?’

‘ಎಂಟು.’

‘ಒಂದೊಂದು ತಟ್ಟೇಲಿ ಎಷ್ಟು ಇಡ್ಲಿ?’

ನಾನು ಬಗ್ಗಿ ನೋಡಿದೆ. ‘ಇಡ್ಲಿ ಎಲ್ಲಿದೆ?’

‘ಇಲ್ಲ ಸಾರ್. ಗ್ಯಾಸ್ ಮುಗಿದಿದೆ. ಒಂದೊಂದರಲ್ಲೂ ಸೊನ್ನೆ ಇಡ್ಲಿ. ಒಟ್ಟು ಎಷ್ಟು ಇಡ್ಲಿ?’

‘ಸೊನ್ನೆ.’

‘ಎಂಟು ಎಲ್ಲಿಗೆ ಹೋಯ್ತು?’

ನಾನು ತಟ್ಟೆಗಳನ್ನು ನೋಡಿದೆ. ಎಂಟೂ ಅಲ್ಲೇ ಇದ್ದವು. ಬೆಳ್ಳಗೆ ತೊಳೆದು, ಹೊಟ್ಟೆ ಹಸಿದವರಂತೆ ಮೇಲೆ ನೋಡುತ್ತಾ ಕೂತಿದ್ದವು. ಯಾರೂ ಯಾರನ್ನೂ ನುಂಗಿರಲಿಲ್ಲ. ನಾನು ಕೇಳುತ್ತಿದ್ದದ್ದು ಇಡ್ಲಿಯ ಲೆಕ್ಕ, ಹುಡುಕುತ್ತಿದ್ದದ್ದು ತಟ್ಟೆಯನ್ನು. ನನ್ನ ತಲೆಯೊಳಗೆ, ಹುಡುಗನಾಗಿದ್ದಾಗ ಬಾಯಿ ತೆರೆದ ಒಂದು ದುಂಡನೆಯ ಪ್ರಾಣಿ, ನಾನು ಅಷ್ಟು ವರ್ಷ ಮೇಯಿಸಿಕೊಂಡು ಬಂದದ್ದು, ಮೆಲ್ಲಗೆ ಬಾಯಿ ಮುಚ್ಚಿ ಎದ್ದು ಹೋಯಿತು.

‘ಎಲ್ಲಿಗೂ ಹೋಗಿಲ್ಲ’ ಎಂದೆ. ‘ಖಾಲಿ ಕೂತಿದೆ.’

ನೀಲವೇಣಿ ಹಲಗೆಯನ್ನು ಒರೆಸಿದಳು. ನಾನು ಒಳಗೆ ಇರುವಾಗಲೇ, ಒಂದೇ ಎಳೆತಕ್ಕೆ, ಅಳಿಸಿತು. ಅಷ್ಟು ಬೇಗ ಅರ್ಥ ಮಾಡಿಕೊಂಡವರು ಈ ಭೂಮಂಡಲದಲ್ಲಿ ನನ್ನ ಬಿಟ್ಟರೆ ಇಲ್ಲ ಎಂದು ಆಮೇಲೆ ಎಲ್ಲರೂ ಒಪ್ಪಿದರು, ಅಥವಾ ನಾನು ಹೇಳುವಾಗ ಯಾರೂ ಬೇಡವೆನ್ನಲಿಲ್ಲ. ಕಮಲಾಕ್ಷಿ ಕಿಟಕಿ ಬಿಟ್ಟು ಹೋಗುವ ಮುಂಚೆ ಮಗಳನ್ನು ಒಂದು ಸಲ ನೋಡಿದಳು, ಮಗಳೂ ಒಂದು ಸಲ ನೋಡಿದಳು. ಎರಡನೇ ತರಗತಿಯಲ್ಲಿ ಮುದ್ದ ಹಿಡಿದಿಟ್ಟಿದ್ದ ಜಾಗ ಖಾಲಿಯೇ ಉಳಿಯಿತು. ಅವನು ಸ್ವಲ್ಪ ಅತ್ತನಂತೆ.

ಹೆಡ್‌ಮಿಸ್ ಮಾತ್ರ ಆ ಹೊತ್ತಿಗೆ ಅಲ್ಲಿರಲಿಲ್ಲ. ನೋಡಿದರೆ ಅವರು ನಲ್ಲಿಯ ಹತ್ತಿರ ನಿಂತಿದ್ದರು. ಕೊಡ ನನ್ನ ಬಳಿ ಇದ್ದುದರಿಂದ ಕೈಯಲ್ಲೊಂದು ಸಣ್ಣ ಲೋಟ ಇತ್ತು. ಯಾರ ಕಡೆಯೂ ನೋಡದೆ ಆ ಲೋಟವನ್ನು ಬಹಳ ನಿಧಾನವಾಗಿ ತುಂಬಿಸುತ್ತಿದ್ದರು. ಐದನೇ ತರಗತಿಯಿಂದ ಮಕ್ಕಳ ಗದ್ದಲ ಕೇಳಿಸಿತು. ರುದ್ರೇಶ ಓಡಿ ಹೋಗಿ ಬಾಗಿಲಲ್ಲಿ ಇಣುಕಿದ. ಹಲಗೆಯ ಮೂಲೆಯನ್ನು, ತಾನು ಹುಡುಗನಾಗಿದ್ದಾಗಿನಿಂದ ದಿನವೂ ನೋಡಿದ್ದ, ಈಗ ಫಳಫಳ ಹೊಳೆಯುತ್ತಿದ್ದ ಆ ಮೂಲೆಯನ್ನು, ನೋಡುತ್ತಾ ನಿಂತ. ಆಮೇಲೆ ಹೋಗಿ ಗಂಟೆ ಹೊಡೆದ. ಊಟದ ಹೊತ್ತಲ್ಲ, ಬಿಡುವ ಹೊತ್ತೂ ಅಲ್ಲ. ಹೊಡೆದ, ಹೊಡೆದ, ಕೈ ಸೋಲುವವರೆಗೆ ಹೊಡೆದ. ಯಾರೂ ನಿಲ್ಲಿಸು ಎನ್ನಲಿಲ್ಲ. ಹೆಡ್‌ಮಿಸ್ ಅವನ ಹತ್ತಿರ ಬಂದು ಲೋಟದ ನೀರನ್ನು ಅವನಿಗೇ ಕೊಟ್ಟರು. ಅವನು ಕುಡಿದ.

ಆ ದಿನದಿಂದ ನಮ್ಮ ಶಾಲೆಯಲ್ಲಿ ಕಟ್ಟುಪಾಡು ಬದಲಾಗಿದೆ. ಸಾಲು ಉಳಿದರೆ ಮೊದಲು ನೀರಿಗೆ ಹೋಗುವವರು ಮೇಷ್ಟ್ರು. ಶಾಲೆಯ ಹೂಗಿಡಗಳು ಈಗ ಕಾಡಿನಂತೆ ಬೆಳೆದಿವೆ, ಅಷ್ಟು ನೀರು. ಈ ಸುಧಾರಣೆಯ ಜನಕ ನಾನು. ಮೊದಲು ನೀರು ತಂದ ಮೇಷ್ಟ್ರು ನಾನೇ ಎನ್ನುವುದನ್ನು ಯಾರೂ ಅಲ್ಲಗಳೆಯಲಾರರು. ಹಲ್ಲಿ ಕೂಡ ಮೈದಾನದಿಂದ ವಾಪಸ್ಸು ಬಂದಿದೆ. ಈಗ ಎಂಟರ ಮಗ್ಗಿ ಸರಾಗ.

ಆ ರಜೆ ಮುಗಿದು ಶಾಲೆ ಶುರುವಾದ ದಿನದ್ದೂ ಹೇಳಿಬಿಡುತ್ತೇನೆ. ಈ ವರ್ಷ ನನ್ನನ್ನು ನಾಲ್ಕನೇ ತರಗತಿಗೆ ಹಾಕಿದ್ದಾರೆ, ಅಂದರೆ ಅದೇ ಮಕ್ಕಳು, ಪಕ್ಕದ ಕೋಣೆ, ಅದಕ್ಕೂ ಬೀದಿ ಕಡೆ ಕಿಟಕಿ. ಮೊದಲ ದಿನ ಶುಭವಾಗಲೆಂದು ಹಲಗೆಯ ಮೇಲೆ ದುಂಡಗೆ ಬರೆದೆ: ‘ಈ ಊರಿನಲ್ಲಿ ನನ್ನಂಥ ಮೇಷ್ಟ್ರು ಇನ್ನೊಬ್ಬರಿಲ್ಲ.’ ಮಕ್ಕಳು ಕೂಗಿ ಓದಿದರು. ಆಮೇಲೆ ಪಾಠ ಶುರುಮಾಡೋಣವೆಂದು ಡಸ್ಟರ್ ಎಳೆದೆ. ಹೋಗಲಿಲ್ಲ. ಇನ್ನೊಮ್ಮೆ ಎಳೆದೆ. ‘ಯಾರಿಗೆ ಅರ್ಥ ಆಗಿಲ್ಲ ಇದು?’ ಎಂದು ತಿರುಗಿದೆ.

ನೀಲವೇಣಿ ಮೂಗು ಉಜ್ಜಲಿಲ್ಲ. ‘ನಮಗೆಲ್ಲ ಅರ್ಥ ಆಗಿದೆ ಸಾರ್’ ಎಂದಳು. ಆ ಮಾತಿನಲ್ಲಿ ತುಂಟತನವೇನೂ ಕಾಣಿಸಲಿಲ್ಲ, ನಾನು ಚೆನ್ನಾಗಿ ಹುಡುಕಿದೆ.

‘ಬಿಸಿಲು ಜೋರಿದೆ’ ಎಂದೆ. ‘ಕೊಡದಲ್ಲಿ ನೀರು ಇರಬೇಕಲ್ಲ?’

ಅವಳು ಮೂಲೆಯಲ್ಲಿದ್ದ ಕೊಡ ತಂದು, ಬಗ್ಗಿಸಿ ತೋರಿಸಿದಳು. ಒಳಗೆ ಸೊನ್ನೆ. ನಾನು ಅವಳ ಮುಖ ನೋಡಿದೆ, ಎಲ್ಲರ ಮುಖ ನೋಡಿದೆ, ಆಮೇಲೆ ಕೊಡ ಎತ್ತಿಕೊಂಡು ಹೊರಗೆ ಹೊರಟೆ. ಬಾಗಿಲು ದಾಟುತ್ತಿದ್ದಂತೆಯೇ ಹಿಂದಿನಿಂದ ಡಸ್ಟರ್ ಎಳೆದ ಸದ್ದು ಒಂದೇ ಒಂದು ಸಲ ಕೇಳಿಸಿತು. ನಾನು ತಿರುಗಿ ನೋಡಲಿಲ್ಲ. ಈ ಊರಿನಲ್ಲಿ ಒಂದು ಹನಿಯೂ ಚೆಲ್ಲದೆ ನೀರು ತರುವ ಮೇಷ್ಟ್ರು ನಾನೊಬ್ಬನೇ.